ನಮ್ಮವರ ರಾಣಿ

ನಾಳೆ ಬೆಳಿಗ್ಗೆ ನಮ್ಮವರ ಗಂಟಲು ಕೊಯ್ದು ಧ್ವನಿಪೆಟ್ಟಿಗೆ ತೆಗೀತಾರೆ ಅನ್ನೋ ದಿನ ಅವರು ಎಂದಿನ ಹಾಗೆ ಎದ್ದು, ಗಡ್ಡ ಹೆರೆದುಕೊಂಡು, ಕಂದು ಕೋಟು ತೊಟ್ಟು, ಒಂದು ಮಾತೂ ಆಡದೆ ಹೊರಟುಹೋದರು. ಒಂದು ಮಾತೂ ಅಂದರೆ ಒಂದೂ ಇಲ್ಲ. ಬಾಗಿಲಲ್ಲಿ ನಿಂತು ಕೈಯಾಡಿಸಿದರು, ಅಷ್ಟೆ. ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೆ. ಓರೆಗಣ್ಣಲ್ಲಿ ಕಂಡರೂ ಸಿಟ್ಟಿಗೆ ತಲೆ ಎತ್ತಲಿಲ್ಲ.

ಅಲ್ಲ, ನೀವೇ ಹೇಳಿ. ಮಗಳು ಅವರಿಗೆ ಆಪರೇಷನ್ ಮಾಡೋ ಆಸ್ಪತ್ರೆಯ ಲ್ಯಾಬಿನಲ್ಲೇ ಕೆಲಸ ಮಾಡೋಳು. ನನ್ನನ್ನೂ ಅವರನ್ನೂ ಎದುರಿಗೆ ಕೂರಿಸಿಕೊಂಡು ಎಲ್ಲಾ ಬಿಡಿಸಿ ಹೇಳಿದ್ದಳು. "ಅಮ್ಮಾ, ಆಪರೇಷನ್ ಆದ್ಮೇಲೆ ಅಪ್ಪ ಉಸಿರಾಡೋದು ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ. ಬಾಯಿಗೆ ಗಾಳಿನೇ ಬರಲ್ಲ. ಪಿಸುಗುಟ್ಟೋಕೂ ಆಗಲ್ಲ. ಮುಂದೆ ಏನೋ ಮಿಷನ್ ಇಟ್ಕೊಂಡು ಮಾತಾಡಬಹುದು, ಆದ್ರೆ ಅದು ಅಪ್ಪನ ಧ್ವನಿ ಅಲ್ಲ." ಅವರು ತಲೆ ಆಡಿಸಿದರು. ನಾನು ಎದ್ದು ಹೋಗಿ ಒಲೆ ಒರೆಸಿದೆ. ಒಲೆ ಮೊದಲೇ ಚೊಕ್ಕಟವಾಗಿತ್ತು.

ಜೀವ ಉಳಿದರೆ ಸಾಕು, ಧ್ವನಿ ಕಟ್ಟಿಕೊಂಡು ಏನಾಗಬೇಕು ಅಂತ ಅಕ್ಕಪಕ್ಕದವರ ಹತ್ತಿರ ಧೈರ್ಯವಾಗಿ ಹೇಳಿಕೊಂಡು ತಿರುಗಿದೆ. ಒಳಗೆ ಮಾತ್ರ ಒಂದೇ ಒಂದು ಆಸೆ ಕೂತುಬಿಟ್ಟಿತ್ತು. ಆ ಧ್ವನಿ ಹೋಗೋ ಮುಂಚೆ, ಆ ಧ್ವನಿಯಲ್ಲಿ, ನನಗೆ ಅಂತ ಒಂದು ಮಾತು ಬೇಕಿತ್ತು. ಏನು ಮಾತು ಅಂತ ಕೇಳಬೇಡಿ, ನನಗೂ ಗೊತ್ತಿರಲಿಲ್ಲ. ಕೇಳಿ ಪಡೆದರೆ ಅದಕ್ಕೇನು ಬೆಲೆ? ಅವರಾಗೇ ಆಡಬೇಕಿತ್ತು. ನಾನು ಕಾದೆ. ಬಾಯಿಬಡುಕಿ ಅಂತ ಬೀದಿಯಲ್ಲೆಲ್ಲ ಹೆಸರು ತಗೊಂಡಿರೋ ನಾನು, ಬಾಯಿ ಮುಚ್ಚಿಕೊಂಡು ಕಾದೆ.

ನಮ್ಮವರು ಅರಮನೆಯಲ್ಲಿ ಗೈಡು. ಅಲ್ಲಿ ಎಲ್ಲರೂ ಅವರನ್ನು ಗಂಟೆ ಅಂತಲೇ ಕರೆಯೋದು. ದರ್ಬಾರು ಹಾಲಿನಲ್ಲಿ ಬಾಯಿ ತೆಗೆದರೆ ಹೊರಗೆ ಕಮಾನಿನ ಮೇಲೆ ಕೂತ ಪಾರಿವಾಳ ಹಾರಿಹೋಗ್ತಿದ್ದವಂತೆ. ಅಂಥ ಗಂಟಲು ಗೊಗ್ಗರಾಯಿತು. ಮೊದಲು ತೋರಿಸಿದ ಡಾಕ್ಟರು ಮಾತು ಕಮ್ಮಿ ಮಾಡಿ ಅಂದರು. ಅವತ್ತಿನಿಂದ ಮನೆಯಲ್ಲಿ ಮೌನ. ಕನ್ನಡಕ ಬೇಕಾದರೆ ಕಣ್ಣು ಮುಟ್ಟಿ ತೋರಿಸೋರು, ನೀರು ಬೇಕಾದರೆ ಹೆಬ್ಬೆರಳು. ನಾನು ಬೈದರೆ ನಗು. ಆಮೇಲೆ ಕಾಯಿಲೆಯ ಹೆಸರು ಗೊತ್ತಾಯಿತು, ಕೊಯ್ಯೋ ದಿನವೂ ಗೊತ್ತಾಯಿತು. ಆದರೂ ಅದೇ ಕಣ್ಣು, ಅದೇ ಹೆಬ್ಬೆರಳು. ದಿನಾ ಅರಮನೆಗೆ ಹೋಗಿಬರೋರು. ಪಾಪ, ಅಂಗಳದ ಬೆಂಚಿನ ಮೇಲೆ ಕೂತು ಹಳೇ ಸ್ನೇಹಿತರನ್ನು ನೋಡಿಕೊಂಡು ಬರ್ತಾರೆ ಅಂದುಕೊಂಡಿದ್ದೆ.

ಅವರು ಹೋದ ಸ್ವಲ್ಪ ಹೊತ್ತಿಗೆ ಮಗಳ ಫೋನು ಬಂತು. ಸಂಜೆ ಹೊತ್ತಿಗೆ ಅಪ್ಪನನ್ನು ಸೇರಿಸಬೇಕು, ಬಟ್ಟೆ ಜೋಡಿಸಿದ್ಯಾ ಅಂತ ಕೇಳಿದಳು.

"ಜೋಡಿಸಿದೀನಿ ಕಣೇ. ಅವರು ಅಲ್ಲಿ ಬೆಂಚು ಕಾಯೋಕೆ ಹೋಗಿದ್ದಾರೆ."

"ಯಾವ ಬೆಂಚಮ್ಮ? ಸುತ್ತು ಕರ್ಕೊಂಡು ಹೋಗ್ತಾರಲ್ಲ."

"ಏನು ಸುತ್ತು?"

"ಅಯ್ಯೋ, ನಿನಗೆ ಹೇಳಿಲ್ವಾ? ದಿನಕ್ಕೆ ಒಂದು ಗುಂಪಿಗೆ ಅರಮನೆ ತೋರಿಸ್ತಾರೆ. ಪೂರ್ತಿ ಮಾತಾಡ್ಕೊಂಡೇ. ಇನ್ನು ಆಡಿದ್ರೂ ಅಷ್ಟೇ ಬಿಟ್ರೂ ಅಷ್ಟೇ ಅಂತ ಡಾಕ್ಟ್ರೇ ಹೇಳಿದ್ರಲ್ಲ."

ನನಗೆ ಮೈಯೆಲ್ಲಾ ಉರಿದುಹೋಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ! ಉಳಿದಿರೋದು ಒಂದು ಹಿಡಿ ಮಾತು, ಅದನ್ನು ದಾರೀಲಿ ಹೋಗೋರಿಗೆಲ್ಲ ಹಂಚಿ, ಮನೆಗೆ ಬಂದು ನನಗೆ ಹೆಬ್ಬೆರಳು ತೋರಿಸೋದಾ? ಮಗಳು ಇನ್ನೂ ಏನೋ ಹೇಳ್ತಿದ್ದಳು. ಫೋನಿಟ್ಟು, ಬಾಗಿಲಿಗೆ ಬೀಗ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟೆ.

ಇಷ್ಟು ವರ್ಷ ಇದೇ ಊರಲ್ಲಿ ಬಾಳ್ವೆ ಮಾಡಿ ನಾನು ಅರಮನೆಯ ಒಳಗೆ ಕಾಲಿಟ್ಟವಳಲ್ಲ. ಎಲ್ಲೆಲ್ಲಿಂದಲೋ ಜನ ಬಂದು ಬಾಯಿ ಬಿಟ್ಟುಕೊಂಡು ನೋಡ್ತಾರೆ, ನನಗೆ ಮಾತ್ರ ಅದು ನಮ್ಮವರ ಆಫೀಸು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಅದೂ ಅಲ್ಲದೆ ಇನ್ನೊಂದು ಕಾರಣ ಇತ್ತು. ನಕ್ಕರೆ ನಗಿ. ಅವರು ಸಂಜೆ ಮನೆಗೆ ಬಂದವರೇ "ಇವತ್ತು ನಮ್ಮ ರಾಣಿ ಎಲ್ಲರನ್ನೂ ನಗಿಸಿಬಿಟ್ಟಳು" ಅನ್ನೋರು. "ನಮ್ಮ ರಾಣಿ ಒಬ್ಬ ಹುಡುಗೀನ ಅಳಿಸಿಬಿಟ್ಟಳು" ಅನ್ನೋರು. ಅನ್ನುವಾಗ ಮುಖದಲ್ಲಿ ಒಂದು ಥರದ ಬೆಳಕು. ಸತ್ತು ಬೂದಿಯಾದ ರಾಣಿ, ಗೋಡೆ ಮೇಲಿನ ಒಂದು ಚಿತ್ರ, ಅಷ್ಟೆ ಅಂತ ನನಗೂ ಗೊತ್ತು. ಆದರೂ ಹೊಟ್ಟೆಯೊಳಗೆ ಕಿಚ್ಚು. "ಹಾಗಾದ್ರೆ ನಿಮ್ಮ ರಾಣಿ ಹತ್ರನೇ ಊಟ ಮುಗಿಸ್ಕೊಂಡು ಬನ್ನಿ" ಅಂತ ತಟ್ಟೆ ಕುಕ್ಕುತ್ತಿದ್ದೆ. "ಒಂದ್ಸಲ ಬಂದು ನೋಡೇ" ಅಂತ ಎಷ್ಟು ಸಲ ಕರೆದರೋ. "ಸವತಿ ಮನೆಗೆ ನಾನ್ಯಾಕೆ ಬರಲಿ?" ಅನ್ನುತ್ತಿದ್ದೆ. ಕೊನೆಗೆ ಕರೆಯೋದು ಬಿಟ್ಟರು.

ದೊಡ್ಡ ಬಾಗಿಲು ದಾಟಿದೆ. ಒಳಗೆ ಕಾಲಿಟ್ಟ ಕೂಡಲೇ ಬಿಸಿಲು ಹಿಂದೆ ಉಳಿಯಿತು. ಕತ್ತೆತ್ತಿ ನೋಡಬೇಕಾದಷ್ಟು ಎತ್ತರದ ಕಂಬದ ಸಾಲು, ಕಂಬಕ್ಕೂ ಕಂಬಕ್ಕೂ ನಡುವೆ ಬಾಗಿದ ಕಮಾನು, ಕಾಲಕೆಳಗೆ ಬಣ್ಣದ ಕಲ್ಲು ಕೂರಿಸಿದ ನೆಲ. ಜನ ನಡೆದು ನಡೆದು ಕಲ್ಲಿನ ಹೂವುಗಳು ನಡುಮಧ್ಯ ಸವೆದಿದ್ದವು. ಸಿಟ್ಟಿನಲ್ಲಿ ಬಂದವಳು ಕೂಡ ಒಂದು ಗಳಿಗೆ ನಿಂತೆ. ಇಷ್ಟು ದೊಡ್ಡದನ್ನು ಇವರು ದಿನಾ ಮಾತಿನಲ್ಲಿ ತುಂಬಿಸುತ್ತಿದ್ದರಾ ಅನ್ನಿಸಿತು.

ಆಗ ಕೇಳಿಸಿತು. ಗಂಟೆ ಅಲ್ಲ, ಹಳೇ ಬಟ್ಟೆ ಹರಿದ ಹಾಗೆ ಒಂದು ಸದ್ದು. ಆದರೂ ಅವರದೇ. ಎಷ್ಟೋ ವಾರದ ಮೇಲೆ ಕೇಳಿದ್ದು. ಕಾಲು ತಾನಾಗೇ ಆ ಕಡೆ ಹೋಯಿತು.

ಹತ್ತಾರು ಜನರ ಗುಂಪು ಅವರನ್ನು ಒತ್ತಿಕೊಂಡು ನಿಂತಿತ್ತು, ಧ್ವನಿ ದೂರಕ್ಕೆ ಹೋಗುತ್ತಿರಲಿಲ್ಲವಲ್ಲ. ನಾನು ಹಿಂದುಗಡೆ ಸೇರಿಕೊಂಡೆ. ಅವರು ಸಿಂಹಾಸನದ ಕಡೆ ಕೈ ತೋರಿಸುತ್ತಾ ತಿರುಗಿದವರು ನನ್ನನ್ನು ಕಂಡರು. ಮಾತು ನಿಂತಿತು. ಕೈ ಹಾಗೇ ಮೇಲಿತ್ತು. ನಾನು ಸೆಟೆದುಕೊಂಡು ನಿಂತೆ, ಏನ್ಮಾಡ್ತೀರೋ ಮಾಡಿ ಅನ್ನೋ ಹಾಗೆ. ಅವರು ಒಂದು ಸಲ ನೀರು ಕುಡಿದು ಮತ್ತೆ ಶುರು ಮಾಡಿದರು.

ಪಕ್ಕದಲ್ಲಿ ಕೆಲಸ ಕಲಿಯೋಕೆ ಬಂದ ಗೈಡು, ಒಬ್ಬ ಯುವತಿ, ನಿಂತಿದ್ದಳು. ಅವಳು ನನ್ನ ಕಡೆ ಬಾಗಿ, "ಇವರು ಬಹಳ ಚೆನ್ನಾಗಿ ಹೇಳ್ತಾರಮ್ಮ. ಇವತ್ತು ಅವರ ಕೊನೇ ಸುತ್ತು" ಅಂದಳು.

"ಗೊತ್ತು. ನಾನು ಅವರ ಹೆಂಡತಿ" ಅಂದೆ, ಕಡ್ಡಿ ಮುರಿದ ಹಾಗೆ.

ಅವಳ ಮುಖ ಬದಲಾಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಎಲ್ಲೋ ನೋಡಿದ ಗುರುತು ಹಿಡಿಯೋರ ಹಾಗೆ. ನನಗೆ ಇನ್ನೂ ಉರಿಯಿತು.

"ಅಲ್ಲಮ್ಮಾ, ಮನೇಲಿ ತುಟಿ ಬಿಚ್ಚಲ್ಲ ಈ ಮನುಷ್ಯ. ಇಲ್ಲಿ ಹೀಗೆ ಬಾಯಿ ತುಂಬ ಮಾತು. ನ್ಯಾಯಾನಾ ಇದು?"

"ನಾವೂ ಕೇಳಿದ್ವಿ. ಮನೇಲೇ ಇದ್ದು ಮಾತಾಡಿ ಸಾರ್ ಅಂದ್ವಿ. ಅದಕ್ಕೆ ಅವರು, 'ಮನೇಲಿ ಅವಳಿಗೆ ನಾನು ಬಾಯಿ ಬಿಡದೆ ಇದ್ರೂ ಎಲ್ಲಾ ಅರ್ಥ ಆಗುತ್ತೆ. ಈ ಜನಕ್ಕೆ ಮಾತೇ ಬೇಕು' ಅಂದ್ರು."

ಕೇಳಿದಿರಾ? ಇಷ್ಟು ವರ್ಷ ಸಂಸಾರ ಮಾಡಿದ ಗಂಡಸು ಮಾಡೋ ತಪ್ಪು ಇದೇ ನೋಡಿ. ಅರ್ಥ ಆಗುತ್ತೆ ಕಣ್ರೀ, ಯಾಕಾಗಲ್ಲ? ಹೆಬ್ಬೆರಳು ಎತ್ತಿದರೆ ನೀರು, ಗೊತ್ತಾಗುತ್ತೆ. ಅರ್ಥ ಆಗೋದು ಬೇರೆ, ಕಿವಿಯಾರೆ ಕೇಳೋದು ಬೇರೆ. ಅಲ್ಲೇ ಕೂಗಿ ಹೇಳಬೇಕು ಅನ್ನಿಸಿತು. ಅಷ್ಟು ಜನರ ಮುಂದೆ ಗಂಡನ ಮರ್ಯಾದೆ ಕಳೆಯೋಕೆ ಮನಸ್ಸು ಬರಲಿಲ್ಲ.

ಮರದ ಮೆಟ್ಟಿಲು ಹತ್ತಿ ಮೇಲೆ ಹೋದೆವು. ಮೆಟ್ಟಿಲ ಮೇಲೆ ಅವರು ಮಾತಾಡಲಿಲ್ಲ, ಉಸಿರು ಉಳಿಸಿಕೊಂಡರು. ಮೇಲೆ ರಾಣಿಯ ಕೋಣೆ. ಹೋಗಿ ನೋಡ್ತೀನಿ, ದರ್ಬಾರಿನ ಮುಂದೆ ಅದೇನೂ ಅಲ್ಲ. ಒಂದು ಗಿಡ್ಡ ಮಂಚ, ಮಬ್ಬಾದ ಒಂದು ನಿಲುವುಗನ್ನಡಿ, ಗೋಡೆಯಲ್ಲಿ ಕಿರಿದಾದ ಕಿಟಕಿ. ಕಿಟಕಿಯ ಪಕ್ಕ ಅವಳ ಚಿತ್ರ. ನನ್ನ ಸವತಿ! ಬಣ್ಣ ಮಾಸಿ ಮೂಗು ಮುಖ ಒಂದೂ ಸರಿಯಾಗಿ ಕಾಣುತ್ತಿರಲಿಲ್ಲ. ಇವಳಿಗಾಗಿ ಇಷ್ಟು ವರ್ಷ ಕುದ್ದೆನಲ್ಲ ಅಂತ ನನಗೇ ನಾಚಿಕೆ ಆಯಿತು.

ಅವರು ಚಿತ್ರದ ಕೆಳಗೆ ನಿಂತರು. "ಈ ರಾಣಿ ಮದುವೆಯಾಗಿ ಬಂದಳು, ಈ ಕೋಣೆಯಲ್ಲಿ ಬಾಳಿದಳು, ಸತ್ತಳು. ಇಷ್ಟೇ ಗೊತ್ತಿರೋದು. ಇಲ್ಲಿವರೆಗೆ ಚರಿತ್ರೆ, ಇಲ್ಲಿಂದ ಮುಂದೆ ನನ್ನ ಬಾಯಿ. ನಂಬೋರು ನಂಬಿ, ಬಿಡೋರು ಬಿಡಿ" ಅಂದರು.

ಯುವತಿ ನನ್ನ ಕಿವಿಯಲ್ಲಿ, "ಇಲ್ಲಿ ಒಬ್ಬೊಬ್ಬ ಗೈಡಿಗೂ ಒಬ್ಬೊಬ್ಬಳು ರಾಣಿ. ಅವರವರೇ ಕಟ್ಕೋಬೇಕು, ಅದೇ ಇಲ್ಲಿನ ಪದ್ಧತಿ. ಒಬ್ಬರ ರಾಣಿ ಹಾಡ್ತಾಳೆ, ಇನ್ನೊಬ್ಬರ ರಾಣಿ ಯುದ್ಧಕ್ಕೆ ಹೋಗ್ತಾಳೆ. ಇವರ ರಾಣಿ ಬೈತಾಳೆ" ಅಂದಳು.

"ರಾಜ ಹೊಸ ಅರಮನೆಯ ನಕ್ಷೆ ತಂದು ಈ ಮಂಚದ ಮೇಲೆ ಹರಡಿದ" ಅಂತ ನಮ್ಮವರು ಶುರು ಮಾಡಿದರು. "ನೋಡು, ಎಷ್ಟೊಂದು ಕಂಬ, ಮೇಲೆ ಗುಮ್ಮಟ ಅಂದ. ರಾಣಿ ಏನಂದಳು ಗೊತ್ತಾ? 'ಗುಮ್ಮಟ ಆಮೇಲೆ ಕಟ್ಟಿಸಿ. ಮೊದಲು ಸೋರೋ ಅಡುಗೆಮನೆ ರಿಪೇರಿ ಮಾಡಿಸಿ. ಅಂಗಳ ಹಾರದೋರು ಗಗನ ಹಾರ್ತಾರಂತೆ!'"

ಜನ ಘೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಅದು ನನ್ನ ಮಾತು. ಸ್ವಂತ ಮನೆ ಕಟ್ಟೋಣ ಅಂತ ಅವರು ಕನಸು ಕಾಣ್ತಾ ಕೂತಾಗ, ಬಾಡಿಗೆ ಮನೆಯ ಸೋರುವ ಸೂರಿನ ಕೆಳಗೆ ಪಾತ್ರೆ ಇಡುತ್ತಾ ನಾನು ಆಡಿದ ಮಾತು, ಒಂದಕ್ಷರ ಆಚೀಚೆ ಇಲ್ಲದ ಹಾಗೆ.

"ರಾಜನಿಗೆ ಜ್ವರ ಬಂತು. ಇಡೀ ರಾತ್ರಿ ಕೂತು ಹಣೆಗೆ ಒದ್ದೆಬಟ್ಟೆ ಹಾಕಿದಳು. ಬೆಳಿಗ್ಗೆ ರಾಜ, ನಿದ್ದೆ ಮಾಡಲಿಲ್ವಾ ಅಂತ ಕೇಳಿದ. 'ನಿಮ್ಮ ಸೇವೆಗೇನಲ್ಲ, ನಿಮ್ಮ ನರಳಾಟಕ್ಕೆ ನನಗೆ ನಿದ್ದೆ ಹತ್ತಲಿಲ್ಲ' ಅಂದಳು."

ಮತ್ತೆ ನಗು. ಒಬ್ಬ ಹೆಂಗಸು ತನ್ನ ಗಂಡನ ತೋಳು ತಿವಿದಳು. ಅಯ್ಯೋ, ಈ ಮನುಷ್ಯ ನನ್ನ ಸಂಸಾರವನ್ನು ಅರಮನೆಯಲ್ಲಿ ಹರಡಿ ಕೂತಿದ್ದಾನಲ್ಲ! ನನ್ನ ಬೈಗುಳ, ನನ್ನ ಬಿಂಕ, ಎಲ್ಲಾ. ಯುವತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಮೊದಲೇ ಗೊತ್ತಾಗಿತ್ತು.

ನಮ್ಮವರು ಕಿಟಕಿಯ ಹತ್ತಿರ ಹೋದರು. ಧ್ವನಿ ಇನ್ನೂ ಸಣ್ಣಗಾಗಿತ್ತು. ಜನ ಹತ್ತಿರ ಸರಿದರು, ನಾನೂ ಸರಿದೆ.

"ಈ ಕಿಟಕಿಯಿಂದ ಹೆಬ್ಬಾಗಿಲು ಕಾಣುತ್ತೆ. ರಾಣಿ ಬೆಳಗ್ಗೆ ಎಷ್ಟೇ ಜಗಳ ಆಡಲಿ, ಸಂಜೆ ಈ ಕಿಟಕಿ ಹತ್ರ ಬಂದು ಕೂರೋಳು. ಏನೋ ಕೈಕೆಲಸ ಮಾಡೋ ಹಾಗೆ. ರಾಜ ಹೆಬ್ಬಾಗಿಲು ದಾಟಿ ಬರೋದು ಕಂಡ ಮೇಲೇ ಎದ್ದು ಹೋಗೋಳು. ರಾಜನಿಗೆ ಅದು ಗೊತ್ತಿತ್ತು. ಆದ್ರೆ ಒಂದು ದಿನಾನೂ ತಲೆ ಎತ್ತಿ ನೋಡಲಿಲ್ಲ. ನೆಲ ನೋಡ್ಕೊಂಡೇ ನಡೆದು ಬರ್ತಿದ್ದ."

"ಯಾಕೆ?" ಅಂದರು, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬರು ಗೃಹಸ್ಥರು.

"ನೋಡಿಬಿಟ್ರೆ ಅವಳಿಗೆ ನಾಚಿಕೆ ಆಗುತ್ತೆ. ಮಾರನೇ ದಿನದಿಂದ ಕಿಟಕಿಗೆ ಬರಲ್ಲ. ಅವಳು ಬರದೆ ಇದ್ರೆ, ಅಷ್ಟು ದೊಡ್ಡ ಅರಮನೆ ಇಟ್ಕೊಂಡು ರಾಜ ಏನು ಮಾಡ್ತಾನೆ?"

ಈ ಸಲ ಯಾರೂ ನಗಲಿಲ್ಲ.

ನಮ್ಮ ಮನೆಯಲ್ಲಿ ಹೊಲಿಗೆ ಮಿಷನ್ನು ಇರೋದು ಕಿಟಕಿಯ ಪಕ್ಕ. ಬೆಳಕಿಗೆ ಅಂತ ಹೇಳ್ತಿದ್ದೆ. ಬೀದಿಯ ತಿರುವಿನಲ್ಲಿ ಅವರು ಕಾಣಿಸಿಕೊಳ್ಳುವವರೆಗೂ ಒಂದೇ ಹೊಲಿಗೆಯ ಮೇಲೆ ಮತ್ತೆ ಮತ್ತೆ ಹೊಲೀತಿದ್ದೆ. ತಲೆ ತಗ್ಗಿಸಿಕೊಂಡು ಬರೋರು. ಒಂದು ದಿನವಾದರೂ ನನ್ನ ಕಿಟಕಿ ನೋಡಬಾರದಾ, ಕಲ್ಲು ಮನುಷ್ಯ, ಅಂತ ಎಷ್ಟು ಸಂಜೆ ನೊಂದುಕೊಂಡಿದ್ದೆನೋ. ಈಗ ಅಷ್ಟು ಜನರ ಮಧ್ಯೆ ನನ್ನ ಕಣ್ಣಿಂದ ನೀರು ಸುರಿಯೋಕೆ ಶುರುವಾಯಿತು. ಒರೆಸಿಕೊಳ್ಳಲಿಲ್ಲ. ಯಾರು ನೋಡಿದರೆ ನನಗೇನು?

ಕ್ಯಾಮೆರಾದವರು ಬಿಡಲಿಲ್ಲ. "ಅಲ್ಲ ಸಾರ್, ಇಷ್ಟೊಂದು ಪ್ರೀತಿ ಇಟ್ಕೊಂಡು ರಾಜ ಅವಳಿಗೆ ಒಂದ್ಸಲನೂ ಹೇಳಲೇ ಇಲ್ವಾ?"

ನಮ್ಮವರು ಬಾಯಿ ತೆರೆದರು. ಧ್ವನಿ ಬರಲಿಲ್ಲ. ಇನ್ನೊಂದು ಸಲ ತೆರೆದರು, ಕುತ್ತಿಗೆಯ ನರ ಉಬ್ಬಿತು, ಬರೀ ಗಾಳಿ. ನೀರು ಕುಡಿದರು. ಮತ್ತೆ ಪ್ರಯತ್ನಿಸಿದರು. ಜನ ಮೊದಲು ಕಾದರು, ಆಮೇಲೆ ನೆಲ ನೋಡಿದರು. ಮುಗಿದೇ ಹೋಯಿತಾ? ನನ್ನದು ಅಂತ ಒಂದು ಮಾತು ಸಿಗೋ ಮುಂಚೆಯೇ ಮುಗಿದು ಹೋಯಿತಾ?

ಯುವತಿ ಮುಂದೆ ಬಂದು, "ಸಾರ್, ಇಲ್ಲಿಂದ ನಾನು ಕರ್ಕೊಂಡು ಹೋಗ್ಲಾ?" ಅಂದಳು. ಅವರು ಬೇಡ ಅಂತ ಕೈ ಆಡಿಸಿ ಹೊರಟರು. ಎಲ್ಲರೂ ಹಿಂದೆ ಹೋದೆವು.

ಕೊನೆಯದು ಗುಮ್ಮಟದ ಕೆಳಗಿನ ದುಂಡು ಮೊಗಸಾಲೆ. ನಡುವೆ ಬಾವಿಯ ಹಾಗೆ ಖಾಲಿ, ಇಣುಕಿದರೆ ಕೆಳಗೆ ದರ್ಬಾರು. ಸುತ್ತಲೂ ನುಣ್ಣನೆ ತೇಯ್ದ ಗೋಡೆ. ಯುವತಿ ಎಲ್ಲರಿಗೂ ವಿವರಿಸಿದಳು: ಗೋಡೆಗೆ ಬಾಯಿ ಇಟ್ಟು ಉಸುರಿದರೂ ಸಾಕು, ಮಾತು ಗೋಡೆಯನ್ನೇ ಸವರಿಕೊಂಡು ಹೋಗಿ, ಆಚೆ ತುದಿಯಲ್ಲಿ ಕಿವಿ ಇಟ್ಟವರಿಗೆ ಮಾತ್ರ ಕೇಳಿಸುತ್ತೆ. ನಡುವೆ ನಿಂತವರಿಗೆ ಏನೂ ಇಲ್ಲ. ಪ್ರತಿ ಸುತ್ತಿನಲ್ಲೂ ಗುಂಪಿನಲ್ಲಿ ಒಬ್ಬರನ್ನು ಆರಿಸಿ ನಿಲ್ಲಿಸಿ, ಗೈಡು ಆಚೆ ತುದಿಯಿಂದ ಉಸುರುತ್ತಾರೆ.

ಕ್ಯಾಮೆರಾದವರು ತಾವೇ ಮುಂದೆ ಬಂದರು. ನಮ್ಮವರು ಅವರನ್ನು ಪಕ್ಕಕ್ಕೆ ಸರಿಸಿ, ನೇರ ನನ್ನ ಹತ್ತಿರ ಬಂದು ಮುಂಗೈ ಹಿಡಿದರು. ನಾಲ್ಕು ಜನರ ಮುಂದೆ ನನ್ನ ಕೈ ಹಿಡಿದವರೇ ಅಲ್ಲ ಅವರು. ಕರೆದುಕೊಂಡು ಹೋಗಿ ಗೋಡೆಗೆ ನಿಲ್ಲಿಸಿದರು. ಆಮೇಲೆ ಸುತ್ತಿಕೊಂಡು ಆಚೆ ತುದಿಗೆ ನಡೆದರು. ಅಷ್ಟು ದೂರದಲ್ಲಿ ಕಂದು ಕೋಟು ಸಣ್ಣದಾಗಿ ಕಾಣಿಸಿತು. ನನಗೆ ಬೆನ್ನು ಮಾಡಿ ಗೋಡೆಗೆ ಬಾಯಿ ಇಟ್ಟರು.

ನಾನು ಕಲ್ಲಿಗೆ ಕಿವಿ ಒತ್ತಿದೆ. ತಣ್ಣಗಿತ್ತು. ಮೊದಲು ಬರೀ ಉಸಿರು ಬಂತು, ಎಳೆದು ಎಳೆದು ಬಿಡುವ ಉಸಿರು. ನನ್ನ ಕಿವಿಯ ಒಳಗೇ ನಿಂತ ಹಾಗೆ, ಅಷ್ಟು ಹತ್ತಿರ. ಆಮೇಲೆ ಆ ಉಸಿರೇ ಮಾತಾಯಿತು.

"ಇವಳೇ."

ಮದುವೆಯಾದಾಗಿಂದ ನನ್ನನ್ನು ಕರೆಯೋದು ಹಾಗೇ.

"ಇವಳೇ... ಹೇಳಲಿಲ್ಲ ನಾನು. ಹೇಳ್ಬೇಕಿತ್ತು."

ಅಷ್ಟೆ. ನಾನು ಕಾದೆ. ಆ ಕಡೆ ಕೆಮ್ಮು, ಮತ್ತೆ ಉಸಿರು, ಆಮೇಲೆ ಉಸಿರೂ ದೂರವಾಯಿತು. ತಿರುಗಿ ನೋಡಿದೆ. ಅವರು ಗೋಡೆ ಬಿಟ್ಟು ನನ್ನ ಕಡೆ ತಿರುಗಿ ನಿಂತಿದ್ದರು. ಗಂಟಲು ಮುಟ್ಟಿಕೊಂಡು, ಆಯ್ತು, ಇನ್ನಿಲ್ಲ ಅಂತ ತಲೆ ಆಡಿಸಿದರು.

ನಾನು ಕೈ ಬೀಸಿ ತೋರಿಸಿದೆ, ಕಿವಿ ಇಡಿ ಅಂತ. ಅವರಿಗೆ ಅರ್ಥ ಆಗಲಿಲ್ಲ. ಇಷ್ಟು ವರ್ಷ ಈ ಆಟದಲ್ಲಿ ಮಾತು ಯಾವಾಗಲೂ ಅವರ ಕಡೆಯಿಂದಲೇ ಬರುತ್ತಿತ್ತಂತೆ, ಅವರಿಗೆ ಯಾರೂ ಏನೂ ಹೇಳಿದ್ದಿಲ್ಲವಂತೆ. "ಕಿವಿ ಇಡ್ರೀ!" ಅಂತ ಗದರಿದೆ. ಇಡೀ ಗುಮ್ಮಟ ಗದರಿತು. ಜನ ಬೆಚ್ಚಿಬಿದ್ದರು. ಅವರು ಸರಕ್ಕನೆ ಗೋಡೆಗೆ ಕಿವಿ ಇಟ್ಟರು.

ನಾನು ಕಲ್ಲಿಗೆ ಬಾಯಿ ತಂದೆ. ಬೈಬೇಕು ಅಂತಲೇ ಮನೆಯಿಂದ ಹೊರಟು ಬಂದವಳು. "ಕೇಳಿಸ್ತು ರೀ. ಎಲ್ಲಾ ಕೇಳಿಸ್ತು" ಅಂದೆ. "ನನಗೂ ಒಂದು ಮಾತು ಇತ್ತು. ಬೆಳಕಿಗೆ ಅಲ್ಲ ನಾನು ಕಿಟಕಿ ಹತ್ರ ಕೂರ್ತಿದ್ದದ್ದು."

ಅವರು ಅಲುಗಾಡಲಿಲ್ಲ. ಕಿವಿ ಇಟ್ಟವರು ಇಟ್ಟ ಹಾಗೇ ಇದ್ದರು. ಆಮೇಲೆ ಕಂದು ಕೋಟಿನ ಭುಜಗಳು ಕುಲುಕೋಕೆ ಶುರುವಾದವು. ನಕ್ಕರೋ ಅತ್ತರೋ, ಸದ್ದಿರಲಿಲ್ಲ, ಗೊತ್ತಾಗಲಿಲ್ಲ. ನಾನು ಸುಮ್ಮನಾಗಿ ಮತ್ತೆ ನನ್ನ ಕಡೆ ಕಿವಿ ಇಟ್ಟೆ. ಏನೂ ಬರೋದಿಲ್ಲ ಅಂತ ಗೊತ್ತಿದ್ದೂ ಇಟ್ಟೆ.

ಕ್ಯಾಮೆರಾದವರು ಮೆಲ್ಲಗೆ ಹತ್ತಿರ ಬಂದರು. "ಏನು ಹೇಳಿದ್ರಮ್ಮ?" ಅಂದರು.

"ರಾಜ ಹೇಳಿದ" ಅಂದೆ. "ಬಹಳ ತಡ ಮಾಡಿದ, ಆದ್ರೆ ಹೇಳಿದ."

ಹೇಳಿ ಮುಗಿಸೋ ಹೊತ್ತಿಗೆ ನನಗೂ ಧ್ವನಿ ಇರಲಿಲ್ಲ. ಆಚೆ ತುದಿಯಲ್ಲಿ ಅವರು ಇನ್ನೂ ಗೋಡೆಗೆ ಕಿವಿ ಒತ್ತಿಕೊಂಡೇ ನಿಂತಿದ್ದರು, ನಾನು ಇನ್ನೇನಾದರೂ ಹೇಳ್ತೀನೇನೋ ಅಂತ.